ಮೊಳೆಗೆ ತೂಗಿದ್ದ ಪುಸ್ತಕ

ಇದು ಈ ಪಟ್ಟಿಯಲ್ಲಿ ಇರಬಾರದು. ಅಥವಾ ತನ್ನ ನೆನಪೇ ತಪ್ಪೋ? ಹನ್ನೊಂದು ವರ್ಷವೆಂದರೆ ಕಡಿಮೆಯೇನಲ್ಲ. ತಾನಿದ್ದ ಹಳೆಯ ಮನೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ ಎಂಬುದನ್ನೇ ಮನುಷ್ಯ ಮರೆಯುತ್ತಾನೆ. ಇನ್ನು ಒಂದು ಯಂತ್ರದೊಳಗೆ ಸಣ್ಣದೊಂದು ತಂತ್ರಾಂಶ ಯಾರ ಬಾಲ ಹಿಡಿದು ಬಂದಿತ್ತು ಎಂಬುದು ನೆನಪಿರಬೇಕೆಂದರೆ ಹೇಗೆ?

ಆದರೆ ನೆನಪಿತ್ತು. ತೊಂದರೆಯೇ ಅದು.

ಪರೀಕ್ಷಕ ಪರದೆಯ ಮೇಲಿನ ಆ ಸಾಲನ್ನು ಮೂರನೆಯ ಸಲ ಓದಿದ. ಕಂಪ್ಯೂಟರುಗಳ ಒಳಹೊಕ್ಕು ಸಾಕ್ಷಿ ಹುಡುಕುವುದು ಅವನ ಕೆಲಸ. ಕಚೇರಿಯಲ್ಲಿ ಎಲ್ಲರಿಗೂ ಅವನು ಪರೀಕ್ಷಕ. ಇನ್‌ಸ್ಪೆಕ್ಟರಿಗೆ ಮಾತ್ರ ಮೌನಿ.

"ಏನ್ರೀ ಮೌನಿಗಳೇ, ಕಂಪ್ಯೂಟರ್ ಜೊತೆ ದೃಷ್ಟಿಯುದ್ಧನಾ? ಯಾರು ಮೊದಲು ಕಣ್ಣು ಮಿಟುಕಿಸ್ತೀರಿ ಅಂತ ನೋಡ್ತಾ ಇದೀನಿ."

ಇನ್‌ಸ್ಪೆಕ್ಟರ್ ಹಿಂದಿನ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ತೊಡೆಯ ಮೇಲಿದ್ದ ಫೈಲಿನಲ್ಲಿ ಒಂದೇ ಒಂದು ಕಾಗದ, ಬಂಧನದ ಕಾಗದ. ಸಂಜೆ ನಾಲ್ಕಕ್ಕೆ ಅದಕ್ಕೆ ಸಹಿ ಬೀಳಬೇಕು.

ಆರು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಆರೂ ನಲವತ್ತಕ್ಕೆ, ಈ ಪಂಪ್‌ಹೌಸಿನ ಕ್ಲೋರಿನ್ ಡ್ರಮ್ಮು ಬರಿದಾಗಿ ಮೂರು ಗಂಟೆ ಕಾಲ ಶುದ್ಧಿಯಾಗದ ನದಿನೀರು ಮನೆಮನೆಯ ನಲ್ಲಿಯಲ್ಲಿ ಹರಿದಿತ್ತು. ಎಂಬತ್ತನಾಲ್ಕು ಜನ ಆಸ್ಪತ್ರೆ ಸೇರಿದ್ದರು. ಒಬ್ಬಾಕೆಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಡ್ರಮ್ಮು ಬರಿದಾದರೆ ಬಝರ್ ಕೂಗಬೇಕು. ಕೂಗಲಿಲ್ಲ ಎಂದು ಆಪರೇಟರ್ ಹೇಳುತ್ತಿದ್ದ. ಆದರೆ ಆಮೇಲೆ ಪರೀಕ್ಷಿಸಿದಾಗಲೆಲ್ಲ ಅದು ಕೂಗುವುದನ್ನು ಎಲ್ಲರೂ ಕೇಳಿದ್ದರು.

ಇನ್‌ಸ್ಪೆಕ್ಟರ್ ಎದ್ದು ಹೋಗಿ ಡ್ರಮ್ಮಿನ ಮಟ್ಟ ತಿಳಿಸುವ ತೇಲುಬುರುಡೆಯನ್ನು ಕೋಲಿನಿಂದ ತಳದವರೆಗೆ ಒತ್ತಿದಳು. ಗೋಡೆಯ ಸ್ಪೀಕರ್ ಗಂಟಲು ಹರಿಯುವ ಹಾಗೆ ಅರಚಿತು.

"ಬೆಳಿಗ್ಗೆಯಿಂದ ಇದು ಐದನೇ ಸಲ. ಇಷ್ಟು ಜೋರಾಗಿ ನನ್ನ ಅತ್ತೆನೂ ಕೂಗಲ್ಲ. ಇದು ಕೇಳಿಸಲಿಲ್ಲ ಅಂದ್ರೆ ಒಂದೋ ಕಿವುಡು, ಇಲ್ಲ ನಿದ್ದೆ."

ಬಾಗಿಲ ಹೊರಗೆ ಆಪರೇಟರ್ ನಿಂತಿದ್ದ. ಐವತ್ತೈದರ ಆಸುಪಾಸು, ಇಲ್ಲಿಗೆ ವರ್ಗವಾಗಿ ಬಂದು ಎಂಟು ವರ್ಷ. ಕೆಲಸಕ್ಕೆ ಬರಬೇಡ ಎಂದು ಹೇಳಿ ಆರು ದಿನವಾದರೂ ಅವನು ಬೆಳಿಗ್ಗೆ ಆರಕ್ಕೆ ಬಂದು ಹೊಸ್ತಿಲಾಚೆ ನಿಂತು, ಎರಡು ಗಂಟೆಗೆ ಶಿಫ್ಟು ಮುಗಿದ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ.

"ಇವತ್ತು ಕೂಗತ್ತೆ ಮೇಡಂ. ಅವತ್ತು ಕೂಗಲಿಲ್ಲ," ಎಂದ.

"ಆರು ದಿನದಿಂದ ಇದೇ ಪಲ್ಲವಿ."

"ಚರಣ ಇದ್ದಿದ್ರೆ ಅದನ್ನೂ ಹೇಳ್ತಿದ್ದೆ. ಇರೋದೇ ಇಷ್ಟು. ನಮ್ಮ ಮನೆಗೆ ಬರೋದೂ ಇದೇ ನೀರು. ನನ್ನ ಹೆಂಡತಿ ಅದನ್ನ ಕುಡಿದೇ ಮಲಗಿದಾಳೆ. ಗೊತ್ತಿದ್ದೂ ಗೊತ್ತಿದ್ದೂ ಬಿಡ್ತೀನಾ?"

ಅವನ ದನಿಯಲ್ಲಿ ಯಾಚನೆ ಇರಲಿಲ್ಲ. ಇವತ್ತು ಯಾವ ವಾರ ಎಂದು ಹೇಳುವಂತೆ ಹೇಳುತ್ತಿದ್ದ. ಪರೀಕ್ಷಕನಿಗೆ ಅದೇ ಚುಚ್ಚಿತು. ಸುಳ್ಳು ಹೇಳುವವರು ಇಷ್ಟು ಕಡಿಮೆ ಮಾತಾಡುವುದಿಲ್ಲ ಎಂಬುದು ಅವನ ಅನುಭವ.

ನಾಲ್ಕರೊಳಗೆ, ಎಂದುಕೊಂಡ. ಏನೇ ಸಿಗಲಿ, ಯಾರದೇ ಸಿಗಲಿ, ಈ ಮನುಷ್ಯ ಇವತ್ತು ಜೀಪು ಹತ್ತಬಾರದು.

"ಮೇಡಂ, ಇಲ್ಲಿ ಬನ್ನಿ. ಈ ಪಟ್ಟಿ ನೋಡಿ."

"ನನಗೆ ಕಾಣಿಸ್ತಿರೋದು ಇರುವೆ ಸಾಲು. ಕನ್ನಡದಲ್ಲಿ ಹೇಳಿ."

"ಬಾಡಿಗೆ ಮನೆ ಅಂದ್ಕೊಳ್ಳಿ. ಈ ಯಂತ್ರಕ್ಕೆ ಏನು ಹಾಕಬೇಕಾದರೂ ಹೆಸರು ಟೈಪ್ ಮಾಡಿ ಕರೀಬೇಕು, ಬೇಡ ಅಂದರೆ ಹೆಸರು ಹೇಳಿ ಕಳಿಸಬೇಕು. ಆದರೆ ಕರೆದವನು ಒಬ್ಬನೇ ಬರಲ್ಲ. ಅವನ ಅಕ್ಕ, ಭಾವ, ಭಾವನ ತಮ್ಮ, ಯಾರಿಲ್ಲದೆ ಅವನ ಕೆಲಸ ನಡೆಯಲ್ಲವೋ ಅವರೆಲ್ಲ ಹಿಂದೇನೇ ಬರ್ತಾರೆ."

"ನಮ್ಮ ಮನೆಯ ಅಳಿಯ ಬಂದ ಹಾಗೆ."

"ಯಂತ್ರ ಎಲ್ಲರ ಲೆಕ್ಕ ಇಡತ್ತೆ. ಕರೆದು ಬಂದವರು ಯಾರು, ಬಾಲ ಹಿಡಿದು ಬಂದವರು ಯಾರು ಅಂತ. ಸ್ಪೀಕರಿನಲ್ಲಿ ಸದ್ದು ಹೊರಡಿಸೋದು ಈ ಪುಟ್ಟ ತಂತ್ರಾಂಶ. ಇದು ಬಾಲ ಹಿಡಿದು ಬಂದದ್ದು. ಈಗ ನೋಡಿದರೆ ಕರೆದು ಬಂದವರ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದೆ."

ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿದಳು. "ಅದು ಬಾಲ ಹಿಡಿದೇ ಬಂದಿತ್ತು ಅಂತ ನಿಮಗೆ ಹೇಗೆ ಗೊತ್ತು?"

ಪಂಪುಗಳ ಸದ್ದು ನೆಲದಿಂದ ಕುರ್ಚಿಯ ಕಾಲಿಗೆ, ಅಲ್ಲಿಂದ ಅವನ ಬೆನ್ನಿಗೆ ಏರುತ್ತಿತ್ತು.

"ಹಳೇ ಪಟ್ಟಿಯ ನಕಲು ಇರತ್ತೆ," ಎಂದ. ಹೇಳಿದ ಮೇಲೆ ಹುಡುಕಿದ.

ಇತ್ತು. ಪಟ್ಟಿ ಬದಲಾದಾಗಲೆಲ್ಲ ಹಳೆಯದನ್ನು ಮಡಚಿ ಮೂಲೆಯಲ್ಲಿಡುವುದು ಈ ಯಂತ್ರದ ಸ್ವಭಾವ. ಸೋಮವಾರದ ನಕಲಿನಲ್ಲಿ ಆ ತಂತ್ರಾಂಶ ಬಾಲ. ಬುಧವಾರದ ಹೊತ್ತಿಗೆ ಬಾಲ ಹೋಗಿ ಯಜಮಾನನಾಗಿತ್ತು.

"ಅಂದ್ರೆ ಮಧ್ಯದಲ್ಲಿ ಏನೋ ಆಯ್ತು," ಎಂದಳು ಇನ್‌ಸ್ಪೆಕ್ಟರ್, ನಿಧಾನವಾಗಿ.

"ಒಮ್ಮೆ ಹೋಗಿ ಮತ್ತೆ ಬಂದಿದೆ. ಎರಡನೇ ಸಲ ಯಾರೋ ಹೆಸರು ಹಿಡಿದು ಕರೆದಿದಾರೆ."

ಹಾಕಿದ್ದು, ತೆಗೆದದ್ದು ಎಲ್ಲವನ್ನೂ ಯಂತ್ರ ತನ್ನ ದಿನಚರಿಯಲ್ಲಿ ಗಂಟೆ ನಿಮಿಷದ ಸಮೇತ ಬರೆದಿಡುತ್ತದೆ. ಆರು ದಿನದಿಂದ ಯಾರೂ ಅದನ್ನು ತೆರೆದಿರಲಿಲ್ಲ. ಕೂಗುತ್ತಿರುವ ಬಝರಿನ ಹೊಟ್ಟೆ ಬಗೆದು ನೋಡುವವರಾರು? ಅವನು ತೆರೆದ. ಮಂಗಳವಾರ ಎರಡು ನಮೂದು.

ಬೆಳಿಗ್ಗೆ ಐದೂ ನಲವತ್ತೆಂಟು: ಸಿನಿಮಾ ನೋಡುವ ಒಂದು ತಂತ್ರಾಂಶ ಹೊರಕ್ಕೆ. ಅದರ ಹಿಂದೆ ಬಂದಿದ್ದ ಹದಿಮೂರು ಜನ ಹೊರಕ್ಕೆ. ಒಂಬತ್ತನೆಯ ಹೆಸರು ಆ ಪುಟ್ಟದು.

ಹತ್ತೂ ಇಪ್ಪತ್ತೆರಡು: ಪುಟ್ಟದು ಒಳಕ್ಕೆ. ಒಂಟಿಯಾಗಿ.

"ಯಾರು ಮಾಡಿದ್ದು ಅಂತ ಬರೆದಿಲ್ವಾ?"

"ಇಲ್ಲಿ ಎಲ್ಲರಿಗೂ ಒಂದೇ ಲಾಗಿನ್. ಒಂದೇ ಬೀಗದ ಕೈ, ಹತ್ತು ಜನ."

"ಭೇಷ್. ಕಳ್ಳನಿಗೂ ಪೊಲೀಸಿಗೂ ಒಂದೇ ಟೋಪಿ."

ಆಪರೇಟರ್ ಹೊಸ್ತಿಲಿಂದಲೇ ಹೇಳಿದ: "ಅವತ್ತು ಎಂಜಿನಿಯರ್ ಸಾಹೇಬರು ಬಂದಿದ್ರು. ಆರಕ್ಕೆ ನಾನು ಗೇಟಿನಲ್ಲಿ ಸೈಕಲ್ ಇಳೀತಿದ್ದಾಗ ಅವರ ಗಾಡಿ ಹೊರಗೆ ಹೋಯ್ತು."

ಎಂಜಿನಿಯರ್‌ನನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮಡಚಿದ ಒರೆಸುವ ಬಟ್ಟೆ. ಬೆನ್ನ ಹಿಂದೆ ಎಲ್ಲರೂ ಅವನನ್ನು ಪೊರಕೆ ಎನ್ನುತ್ತಿದ್ದರು. ಮೇಜಿನ ಮೇಲೆ ಬೇಡದ ಪೆನ್ಸಿಲ್ ಕಂಡರೂ ಅವನಿಗೆ ಅನ್ನ ಸೇರುತ್ತಿರಲಿಲ್ಲವಂತೆ.

"ಹೌದು, ನಾನೇ ತೆಗೆದೆ," ಎಂದ, ಎಳ್ಳಷ್ಟೂ ಅಳುಕಿಲ್ಲದೆ. "ಡ್ಯೂಟಿ ಮೇಲೆ ಸಿನಿಮಾ ನೋಡ್ತಾರೆ ಅಂತ ದೂರು ಬಂದಿತ್ತು."

"ನಾನಲ್ಲ ಸಾರ್. ಎರಡನೇ ಶಿಫ್ಟು," ಎಂದಿತು ಹೊಸ್ತಿಲು.

"ಯಾರಾದ್ರೂ ಸರಿ. ತೆಗೆದೆ. ಇನ್ನು ಹದಿಮೂರು ಯಾರಿಗೂ ಬೇಡವಾಗಿ ಬಿದ್ದಿವೆ, ಒಂದೇ ಕಮಾಂಡಿಗೆ ಅವನ್ನೂ ತೆಗೀಬಹುದು ಅಂತ ಯಂತ್ರವೇ ಹೇಳ್ತು. ಅದನ್ನೂ ಟೈಪ್ ಮಾಡಿದೆ. ಕಸ ಗುಡಿಸೋದು ತಪ್ಪಾ?"

"ಇದನ್ನ ಆರು ದಿನದಿಂದ ಯಾಕೆ ಹೇಳಲಿಲ್ಲ?" ಇನ್‌ಸ್ಪೆಕ್ಟರ್ ದನಿ ಏರಿಸಿದಳು.

"ನೀವು ಬಝರ್ ಬಗ್ಗೆ ಕೇಳಿದಿರಿ. ಸಿನಿಮಾ ಬಗ್ಗೆ ಯಾರು ಕೇಳಿದ್ರು? ಅದಕ್ಕೂ ಇದಕ್ಕೂ ಏನು ಸಂಬಂಧ?"

ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. ಪರೀಕ್ಷಕ ಅದನ್ನು ನಂಬಿದ.

"ಹತ್ತೂ ಇಪ್ಪತ್ತೆರಡಕ್ಕೆ ಒಂದನ್ನ ಮತ್ತೆ ಹಾಕಿದ್ದು ನೀವಾ?"

"ಹಾಕೋದಾ? ನನಗೆ ಆ ಅಭ್ಯಾಸವೇ ಇಲ್ಲ ಸ್ವಾಮಿ. ತೆಗೆಯೋದು ಮಾತ್ರ."

ಇನ್ನು ಒಂದೇ ಬಾಗಿಲು ತೆರೆಯುವುದು ಉಳಿದಿತ್ತು. ಅಲಾರಂ. ಡ್ರಮ್ಮಿನ ಮಟ್ಟ ನೋಡಿ ಸ್ಪೀಕರನ್ನು ಕೂಗಿಸುವ ಆ ಸಣ್ಣ ಪ್ರೋಗ್ರಾಂ ಹೊರಗಿನಿಂದ ತರಿಸಿದ್ದಲ್ಲ, ಇಲ್ಲಿಯೇ ಯಾರೋ ಕೈಯಲ್ಲಿ ಬರೆದದ್ದು. ಪರೀಕ್ಷಕ ಅದರ ಹೆಸರಿನ ಮೇಲೆ ಬೆರಳು ತಂದು ಒಂದು ಉಸಿರಿನಷ್ಟು ಹೊತ್ತು ತಡೆದ. ಆಮೇಲೆ ಒತ್ತಿದ.

ಮೂವತ್ತೊಂದು ಸಾಲು. ಮೇಲೆ ಬರೆದವನ ಹೆಸರಿರಲಿಲ್ಲ.

ಹೆಸರು ಅವನಿಗೆ ಬೇಕಾಗಿಯೂ ಇರಲಿಲ್ಲ. ನಾಲ್ಕು ಸಾಲಿಗೊಂದು ಖಾಲಿ ಸಾಲು ಬಿಡುವ ಆ ಅಭ್ಯಾಸ ಅವನದೇ. ಡಿಗ್ರಿ ಮುಗಿಸಿ, ಊರಿಗೆಲ್ಲ ಕಂಪ್ಯೂಟರ್ ಕಲಿಸಿದ ಮೇಷ್ಟ್ರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಇದೇ ಕುರ್ಚಿಯಲ್ಲಿ ಕೂತು ಅವನು ಇದನ್ನು ಬರೆದಿದ್ದ. ಸದ್ದು ಹೊರಡಿಸುವ ತಂತ್ರಾಂಶ ಯಂತ್ರದಲ್ಲಿ ಹೇಗೂ ಇತ್ತು. ಇದೆಯಲ್ಲ ಎಂದು ಅದನ್ನು ಹೆಸರು ಹಿಡಿದು ಕರೆದಿರಲಿಲ್ಲ. ಪಕ್ಕದ ಮನೆಗೆ ಬಂದ ನೆಂಟನನ್ನು ತನ್ನ ಮನೆಯ ಕಾವಲಿಗೆ ನಿಲ್ಲಿಸಿದ ಹಾಗೆ.

ಇಪ್ಪತ್ತಾರನೆಯ ಸಾಲು ಇನ್ನೂ ಕೆಟ್ಟದ್ದು. ಕೂಗುವವನು ಸಿಗದಿದ್ದರೆ ಯಂತ್ರ ದೂರು ಹೇಳುತ್ತದೆ. ಆ ದಿನಗಳಲ್ಲಿ ಇಂಥ ದೂರುಗಳು ಪರದೆ ತುಂಬ ಬಂದು ಅವನಿಗೆ ಕಿರಿಕಿರಿಯಾಗುತ್ತಿತ್ತು. ಬಂದ ದೂರನ್ನೆಲ್ಲ ತಳವಿಲ್ಲದ ಬಾವಿಗೆ ಹಾಕು ಎಂದು ಸಾಲಿನ ಕೊನೆಯಲ್ಲಿ ನಾಲ್ಕು ಚಿಹ್ನೆ ಬರೆದು ಕೈ ತೊಳೆದುಕೊಂಡಿದ್ದ. ಮಂಗಳವಾರ ಬೆಳಿಗ್ಗೆ ಯಂತ್ರ ಮೂರು ಗಂಟೆ ದೂರು ಹೇಳಿತ್ತು. ಅಷ್ಟೂ ಬಾವಿಗೆ ಬಿದ್ದಿತ್ತು.

"ಇದನ್ನ ಬರೆದ ಪುಣ್ಯಾತ್ಮ ಯಾರು?" ಹೆಗಲ ಮೇಲಿಂದ ಇಣುಕಿದಳು ಇನ್‌ಸ್ಪೆಕ್ಟರ್.

"ಹೆಸರು ಹಾಕಿಲ್ಲ."

ಅದು ಸುಳ್ಳಲ್ಲ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು. ಅಸಹ್ಯವನ್ನು ಪಕ್ಕಕ್ಕಿಟ್ಟು ಕೀಬೋರ್ಡು ಎಳೆದುಕೊಂಡ.

"ಮೇಡಂ, ತೇಲುಬುರುಡೆ ಹತ್ತಿರ ನಿಂತ್ಕೊಳ್ಳಿ. ಡ್ರಮ್ಮು ತುಂಬಿದೆ, ನೀರಿಗೇನೂ ಆಗಲ್ಲ. ಡಿಸ್ಕಿನ ನಕಲು ಬೆಳಿಗ್ಗೆನೇ ತೆಗೆದು ಮೊಹರು ಮಾಡಿದೀನಿ. ಈಗ ಆ ಪುಟ್ಟದನ್ನ ತೆಗೀತೀನಿ."

ತೆಗೆದ. ಎರಡು ಸಾಲು ಬಂದು ಹೋದವು, ಅಷ್ಟೇ.

"ಒತ್ತಿ."

ಇನ್‌ಸ್ಪೆಕ್ಟರ್ ಒತ್ತಿದಳು. ಸ್ಪೀಕರ್ ಸುಮ್ಮನಿತ್ತು. ಮತ್ತೆ ಒತ್ತಿದಳು. ಕೋಲಿನಿಂದ ಬಡಿದಳು. ಪರದೆಯ ಮೇಲೂ ಒಂದಕ್ಷರ ಮೂಡಲಿಲ್ಲ. ಪಂಪುಗಳ ಗುಂಯ್ ಎಂಬ ಸದ್ದು, ಪೈಪಿನೊಳಗಿನ ನೀರು.

ಎಂಜಿನಿಯರ್ ಜೇಬಿನ ಬಟ್ಟೆ ತೆಗೆದು, ಏನನ್ನು ಒರೆಸಬೇಕೆಂದು ತಿಳಿಯದೆ, ಮತ್ತೆ ಜೇಬಿಗಿಟ್ಟ.

ಆಪರೇಟರ್ ಹೊಸ್ತಿಲಾಚೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. "ಇದೇ," ಎಂದ. "ಅವತ್ತು ಹೀಗೇ ಇತ್ತು. ಇದನ್ನೇ ನಾನು ಹೇಳ್ತಾ ಇದ್ದದ್ದು."

ಯಾರೂ ಅವನನ್ನು ನೋಡಲಿಲ್ಲ. ನೋಡುವುದು ಕಷ್ಟವಾಗಿತ್ತು.

ಪರೀಕ್ಷಕ ತಂತ್ರಾಂಶವನ್ನು ಮತ್ತೆ ಹಾಕಿದ. ಬೆರಳುಗಳು ತಾವಾಗಿಯೇ ಒಂದು ಉದ್ದನೆಯ ಸಾಲು ಟೈಪ್ ಮಾಡಿ ಮುಗಿಸಿದವು. ಬಝರ್ ಕೂಗಿತು.

"ನಿಲ್ಲಿ, ನಿಲ್ಲಿ." ಇನ್‌ಸ್ಪೆಕ್ಟರ್ ಪರದೆಗೆ ಮೂಗು ತಾಗಿಸಿದಳು. "ಮಂಗಳವಾರ ಹತ್ತೂ ಇಪ್ಪತ್ತೆರಡರ ಸಾಲು ತೋರಿಸಿ. ನೋಡಿ! ನೀವು ಈಗ ಬರೆದದ್ದು, ಅವನು ಅವತ್ತು ಬರೆದದ್ದು, ತಲೆಯಿಂದ ಕಾಲಿನವರೆಗೆ ಒಂದೇ. ಇಷ್ಟುದ್ದ ಬರೆಯೋದು ಕಡ್ಡಾಯನಾ?"

"ಇಲ್ಲ. ಇದರರ್ಥ, ಕರೆದವನು ಮಾತ್ರ ಬರಲಿ, ಶಿಫಾರಸಿನ ಮೇಲೆ ಬರೋರು ಬೇಡ ಅಂತ. ಸಾಮಾನ್ಯವಾಗಿ ಯಾರೂ ಬರೆಯಲ್ಲ. ಇದು ಮೇಷ್ಟ್ರ ಪಾಠ. ಈ ಯಂತ್ರ ಕೂರಿಸಿದವರೇ ಅವರು. ಅವರ ಹತ್ತಿರ ಕಲಿತವರ ಕೈ ಹೀಗೇ ಓಡತ್ತೆ."

"ಎಷ್ಟು ಜನ ಕಲಿತಿದಾರೆ?"

"ಊರಲ್ಲಿ ಕಂಪ್ಯೂಟರ್ ಮುಟ್ಟಿದ ಅರ್ಧ ಜನ."

"ಹಾಗಾದ್ರೆ ಅರ್ಧ ಊರು ನನ್ನ ಆರೋಪಿ." ಅವಳು ಬೆನ್ನು ನೆಟ್ಟಗೆ ಮಾಡಿ ಗೋಡೆಗೆ ಒರಗಲು ಹೋಗಿ, ತಡೆದಳು. ಕಂಪ್ಯೂಟರಿನ ಪಕ್ಕ ಗೋಡೆಯಲ್ಲೊಂದು ಮೊಳೆ. ಮೊಳೆಗೆ ದಾರದ ಕುಣಿಕೆ. ಕೆಳಗೆ ಒಂದು ಉದ್ದಚೌಕದ ಗುರುತು, ಸುತ್ತಲಿನ ಗೋಡೆಗಿಂತ ಬೆಳ್ಳಗೆ. "ಬೆಳಿಗ್ಗೆಯಿಂದ ನೀವು ನಾಲ್ಕು ಸಲ ಈ ಮೊಳೆ ನೋಡಿದಿರಿ ರೀ. ಇಲ್ಲೇನು ತೂಗಿತ್ತು?"

ಪರೀಕ್ಷಕ ಬಾಯಿ ತೆರೆಯುವ ಮೊದಲೇ ಆಪರೇಟರ್ ಹೇಳಿದ. "ಪುಸ್ತಕ ಮೇಡಂ. ಮೇಷ್ಟ್ರ ನಿಯಮ. ಕಂಪ್ಯೂಟರಿಗೆ ಏನು ಹಾಕಿದ್ರೂ, ಯಾಕೆ ಹಾಕಿದೆ ಅಂತ ಅದರಲ್ಲಿ ಕೈಯಲ್ಲಿ ಬರೀಬೇಕು. ತೆಗೆದ್ರೆ ಆ ಸಾಲಿನ ಮೇಲೆ ಒಂದೇ ಒಂದು ಗೆರೆ. ಓದೋಕೆ ಬರಬೇಕು. ಉಜ್ಜೋ ಹಾಗಿಲ್ಲ."

"ನಾನದನ್ನ ಬರೆಯಲ್ಲ," ಎಂದ ಎಂಜಿನಿಯರ್. "ಧೂಳು ಕೂರತ್ತೆ."

ಗೇಟಿನ ಕಾವಲುಗಾರನ ದಪ್ಪ ರಿಜಿಸ್ಟರಿನಲ್ಲಿ ಉತ್ತರ ಕಾದು ಕೂತಿತ್ತು. ಅವನು ಬಂದವರ ಹೆಸರು ತಪ್ಪಾಗಿ ಬರೆದರೂ ಬರೆದಾನು, ಹೊರಗೆ ಹೋದ ವಸ್ತುವನ್ನು ಮಾತ್ರ ಬಿಡುತ್ತಿರಲಿಲ್ಲ. ಮಂಗಳವಾರ. ಮೇಷ್ಟ್ರು. ಒಳಕ್ಕೆ ಹತ್ತೂ ಐದು. ಹೊರಕ್ಕೆ ಹತ್ತೂ ನಲವತ್ತು. ಒಯ್ದದ್ದು: ಹಳೇ ನೋಟ್‌ಬುಕ್, ಒಂದು.

ಇನ್‌ಸ್ಪೆಕ್ಟರ್ ಜೀಪಿನ ಕೀಲಿ ಕುಣಿಸಿದಳು. ಗಂಟೆ ಎರಡೂವರೆಯಾಗಿತ್ತು. ಶಿಫ್ಟು ಮುಗಿದಿದ್ದರೂ ಆಪರೇಟರ್ ಹೊರಟಿರಲಿಲ್ಲ.

ಮೇಷ್ಟ್ರ ತರಗತಿ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹನ್ನೆರಡು ಹಳೆಯ ಕಂಪ್ಯೂಟರು, ಹನ್ನೆರಡು ಜಾತಿಯ ಕುರ್ಚಿ. ಊಟದ ಹೊತ್ತು, ವಿದ್ಯಾರ್ಥಿಗಳಿರಲಿಲ್ಲ. ಮೇಷ್ಟ್ರು ಕಿಟಕಿಯ ಬಳಿ ಕೂತು ಒಂದು ಕೀಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು, ತೊಳೆದು, ಟವೆಲಿನ ಮೇಲೆ ಒಣಗಲು ಹರಡಿದ್ದರು.

"ಬಾರಪ್ಪ," ಎಂದರು, ತಲೆ ಎತ್ತದೆ. "ಆರು ದಿನ ತಗೊಂಡೆಯಲ್ಲ. ಮೂರೇ ದಿನಕ್ಕೆ ಬರ್ತೀಯ ಅಂದ್ಕೊಂಡಿದ್ದೆ."

"ಕೇಸು ಕೈಗೆ ಬಂದದ್ದೇ ಇವತ್ತು ಸಾರ್."

"ಹಾಗಾದ್ರೆ ಅರ್ಧ ದಿನ. ಪರವಾಗಿಲ್ಲ. ಕೂತ್ಕೊಳ್ಳಮ್ಮ ಇನ್‌ಸ್ಪೆಕ್ಟರೇ, ಆ ನೀಲಿ ಕುರ್ಚಿ ಬೇಡ, ಅದು ಶಿಷ್ಯರನ್ನೇ ಬೀಳಿಸಿದೆ."

ಇನ್‌ಸ್ಪೆಕ್ಟರ್ ನಿಂತೇ ಇದ್ದಳು. "ಮೇಷ್ಟ್ರೇ, ಮಂಗಳವಾರ ಹತ್ತೂ ಇಪ್ಪತ್ತೆರಡಕ್ಕೆ ಆ ಯಂತ್ರಕ್ಕೆ..."

"ನಾನೇ ಹಾಕಿದೆ."

ಅವಳು ಸಿದ್ಧ ಮಾಡಿಕೊಂಡು ಬಂದಿದ್ದ ಐದು ಪ್ರಶ್ನೆ ಒಟ್ಟಿಗೆ ಸತ್ತವು.

"ಸುದ್ದಿ ಕೇಳಿ ಓಡಿದೆ. ಬಝರ್ ಯಾಕೆ ಕೂಗಲಿಲ್ಲ ಅಂತ ಎರಡು ನಿಮಿಷಕ್ಕೆ ಗೊತ್ತಾಯ್ತು. ಮತ್ತೆ ಹಾಕಿದೆ, ಇನ್ನೊಂದು ದಿನ ಹಾಗೆ ಬಿಡೋಕಾಗತ್ತಾ? ದಿನಚರಿಯಿಂದ ಆ ಸಾಲು ಅಳಿಸೋದೇನು ದೊಡ್ಡ ವಿಷಯ ಅಲ್ಲ. ಕೈ ಬರಲಿಲ್ಲ. ನಲವತ್ತು ವರ್ಷ ಉಜ್ಜಬೇಡಿ ಅಂತ ಪಾಠ ಮಾಡಿ, ನಾನೇ ಉಜ್ಜಲಾ?"

"ಉಜ್ಜಲಿಲ್ಲ. ಪುಸ್ತಕ ಎತ್ಕೊಂಡು ಬಂದ್ರಿ. ಆಮೇಲೆ ಆರು ದಿನ ಬಾಯಿಗೆ ಬೀಗ. ಯಾಕೆ?"

ಮೇಷ್ಟ್ರು ಒಂದು ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಬಾಯಿ ಬಿಟ್ಟರೆ ಮುಂದಿನ ಪ್ರಶ್ನೆ, ಅಂಥ ಅಲಾರಂ ಬರೆದವನು ಯಾರು ಅಂತ. ಅಲ್ವಾ?"

"ಅಲ್ದೆ? ಕೇಳ್ತಾ ಇದೀನಿ. ಯಾರು?"

ಗುಂಡಿ ತನ್ನ ಜಾಗದಲ್ಲಿ ಟಕ್ ಎಂದು ಕೂತಿತು.

"ನಾನು," ಎಂದರು ಮೇಷ್ಟ್ರು.

ಅವರು ಸುಳ್ಳು ಹೇಳಿದ್ದನ್ನು ಪರೀಕ್ಷಕ ಅದೇ ಮೊದಲು ಕೇಳಿದ್ದು. ಎಷ್ಟು ಕೆಟ್ಟದಾಗಿ ಹೇಳುತ್ತಾರೆ, ಎನಿಸಿತು. ಅಭ್ಯಾಸವಿಲ್ಲದ ಕೈ.

"ನನಗೆ ಎಪ್ಪತ್ತಾರು. ನನ್ನ ಹೆಸರು ಕೆಟ್ಟರೆ ಕುರ್ಚಿ ಹೋಗಲ್ಲ, ಇರೋದೇ ಮುರಿದ ಕುರ್ಚಿ. ಬರೆದುಕೊಳ್ಳಮ್ಮ."

ಪರೀಕ್ಷಕ ಒಂದು ಹೆಜ್ಜೆ ಮುಂದೆ ಬಂದ. ಅವನಿಗೆ ಕೋಪ ಬಂದಿತ್ತು. ಯಾರ ಮೇಲೆ ಎಂದು ವಿಂಗಡಿಸುವಷ್ಟು ಹೊತ್ತಿರಲಿಲ್ಲ.

"ಆ ಆಪರೇಟರ್ ಆರು ದಿನದಿಂದ ಹೊಸ್ತಿಲಾಚೆ ನಿಂತಿದಾನೆ ಸಾರ್. ಒಳಗೆ ಬರಲ್ಲ, ಮನೆಗೂ ಹೋಗಲ್ಲ. ಅವನ ಹೆಂಡತಿ ಆಸ್ಪತ್ರೆಯಲ್ಲಿ. ನಿಮಗೆ ನಿಜ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಒಬ್ಬ ಮನುಷ್ಯ ಹೇಗೆ ಸುಮ್ಮನೆ ಇರ್ತಾನೆ?"

ಮೇಷ್ಟ್ರು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು. ಆ ನೋಟ ಹಳೆಯದು. ತಪ್ಪು ಎಲ್ಲಿದೆ ಎಂದು ಹೇಳದೆ, ನೀನೇ ಹುಡುಕು ಎನ್ನುತ್ತಿದ್ದ ನೋಟ.

"ಅದೇ ಕಣಪ್ಪ ನಾನೂ ಯೋಚನೆ ಮಾಡ್ತಿರೋದು," ಎಂದರು ಮೆಲ್ಲಗೆ. "ಹೇಗೆ ಇರ್ತಾನೆ?"

ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲಿನ ಚಕ್ರ ತಿರುಗಿಸಿ ಬಿಟ್ಟರು. ಅದು ಬಹಳ ಹೊತ್ತು ತಿರುಗಿತು.

"ಆಯ್ತು, ಪುಸ್ತಕ ಕೊಡಿ," ಎಂದಳು ಇನ್‌ಸ್ಪೆಕ್ಟರ್.

"ಕಳೆದುಹೋಯ್ತು."

ಪರೀಕ್ಷಕನಿಗೆ ಅದು ಆಗಲೇ ಕಂಡಿತ್ತು. ಗುಂಡಿಗಳು ಒಣಗುತ್ತಿದ್ದ ಟವೆಲು ಮೇಜಿನ ಮೇಲೆ ಚಪ್ಪಟೆಯಾಗಿ ಇರಲಿಲ್ಲ. ಅಡಿಯಲ್ಲಿ ಉದ್ದಚೌಕದ ಒಂದು ಉಬ್ಬು. ಅವನು ಕಣ್ಣನ್ನು ಕಿಟಕಿಯತ್ತ ಒಯ್ದ. ಆದರೆ ಅವನ ಕಣ್ಣು ಎಲ್ಲಿಗೆ ಹೋಗಿ ಎಲ್ಲಿಗೆ ತಿರುಗಿತು ಎಂಬುದನ್ನು ಲೆಕ್ಕ ಇಡುವವಳು ಪಕ್ಕದಲ್ಲೇ ಇದ್ದಳು.

ಇನ್‌ಸ್ಪೆಕ್ಟರ್ ಟವೆಲಿನ ತುದಿ ಹಿಡಿದು ಎತ್ತಿದಳು. ಅಕ್ಷರಗಳೆಲ್ಲ ನೆಲಕ್ಕೆ ಉದುರಿದವು.

ಉದ್ದನೆಯ ಪುಸ್ತಕ. ಅರ್ಧದಲ್ಲಿ ಹರಿದ ದಾರ. ಅವಳು ಹಿಂದಿನಿಂದ ಪುಟ ಮಗುಚುತ್ತ ಹನ್ನೊಂದು ವರ್ಷದ ಹಿಂದಕ್ಕೆ ಹೋಗಿ ನಿಂತಳು. ಗಟ್ಟಿಯಾಗಿ ಓದಿದಳು.

"ಅಲಾರಂ ಅಳವಡಿಸಿದೆ. ಪರೀಕ್ಷಿಸಿದೆ. ಕೂಗುತ್ತದೆ." ಪುಟವನ್ನು ಮೇಷ್ಟ್ರ ಮುಂದೆ ಹಿಡಿದಳು. "ಹೆಸರಿಲ್ಲ. ಆದ್ರೆ ಮೇಷ್ಟ್ರೇ, ಉಳಿದ ಪುಟದಲ್ಲೆಲ್ಲ ನಿಮ್ಮ ಅಕ್ಷರ ಸಿಪಾಯಿ ನಿಂತ ಹಾಗೆ ನೆಟ್ಟಗಿದೆ. ಇದು ಎಡಕ್ಕೆ ವಾಲಿದೆ. ಇದು ನೀವಲ್ಲ."

ಮೇಷ್ಟ್ರು ನೆಲದಿಂದ ಗುಂಡಿ ಹೆಕ್ಕತೊಡಗಿದರು. ಪರೀಕ್ಷಕ ಬಗ್ಗಿ ಸಹಾಯ ಮಾಡಿದ. ಇಬ್ಬರ ಕೈ ಒಂದೇ ಗುಂಡಿಯ ಮೇಲೆ ಬಂತು. ಮೇಷ್ಟ್ರು ಅದನ್ನು ಅವನ ಅಂಗೈಯೊಳಗೆ ಒತ್ತಿ ಬಿಟ್ಟರು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಅವರು ಪಂಪ್‌ಹೌಸಿಗೆ ಮರಳಿದಾಗ ನಾಲ್ಕಕ್ಕೆ ಹದಿನಾಲ್ಕು ನಿಮಿಷ ಉಳಿದಿತ್ತು. ಆಪರೇಟರ್ ಬಿಟ್ಟ ಜಾಗದಲ್ಲೇ ಇದ್ದ.

"ನಾಲ್ಕಕ್ಕೆ ಮೇಲಿನವರ ಫೋನು," ಎಂದಳು ಇನ್‌ಸ್ಪೆಕ್ಟರ್. "ಬಝರ್ ಕೂಗಿರಲಿಲ್ಲ, ಈತನ ತಪ್ಪಿಲ್ಲ ಅಂತ ನಿಮ್ಮ ಸಹಿ ಇರೋ ವರದಿ ನನ್ನ ಕೈಯಲ್ಲಿದ್ರೆ ಇವನು ಆಸ್ಪತ್ರೆಗೆ, ಹೆಂಡತಿ ಹತ್ತಿರ. ಇಲ್ಲದಿದ್ರೆ ಜೀಪಿಗೆ. ಬರೀರಿ."

ಪರೀಕ್ಷಕ ತನ್ನ ಲ್ಯಾಪ್‌ಟಾಪ್ ತೆರೆದ.

"ಅದು ಬೇಡ. ಪ್ರಿಂಟರ್ ಇರೋದು ಕಚೇರಿಯಲ್ಲಿ, ಕಚೇರಿ ಇಪ್ಪತ್ತು ನಿಮಿಷ." ಅವಳು ಫೈಲಿನಿಂದ ಒಂದು ಬಿಳಿ ಹಾಳೆ ಎಳೆದು, ಪೆನ್ನನ್ನು ಅದರ ಮೇಲಿಟ್ಟಳು. "ಕೈಯಲ್ಲೇ ಬರೀರಿ."

ಹಾಳೆ ಮೇಜಿನ ಮೇಲೆ. ಅದರ ಪಕ್ಕದಲ್ಲಿ ಪುಸ್ತಕ, ಅದೇ ಪುಟಕ್ಕೆ ತೆರೆದುಕೊಂಡು.

ಇಷ್ಟು ವರ್ಷ ಅವನು ಯಾವ ವರದಿಯನ್ನೂ ಕೈಯಲ್ಲಿ ಬರೆದಿರಲಿಲ್ಲ. ಹೊಸ್ತಿಲಾಚೆ ಎರಡು ಸವೆದ ಚಪ್ಪಲಿಗಳು ಕಾಣುತ್ತಿದ್ದವು. ಅವನು ಅವನ್ನೇ ನೋಡಿದ. ಬಲಗೈ ನೋಯುತ್ತಿದೆ ಎನ್ನಬಹುದಿತ್ತು. ನೀವು ಬರೆದುಕೊಳ್ಳಿ, ನಾನು ಹೇಳುತ್ತೇನೆ ಎನ್ನಬಹುದಿತ್ತು.

ಪೆನ್ನು ಎತ್ತಿಕೊಂಡ.

ಐದೂ ನಲವತ್ತೆಂಟು ಎಂದು ಬರೆದ. ಹದಿಮೂರು ಎಂದು ಬರೆದ. ಇಪ್ಪತ್ತಾರನೆಯ ಸಾಲು ದೂರನ್ನು ಎಲ್ಲಿಗೆ ಹಾಕುತ್ತಿತ್ತು ಎಂಬುದನ್ನು ಏನೂ ಮರೆಮಾಚದೆ ಬರೆದ. ಬಝರ್ ಕೂಗಲು ಸಾಧ್ಯವೇ ಇರಲಿಲ್ಲ, ಆಪರೇಟರ್ ಮೊದಲ ದಿನದಿಂದಲೂ ನಿಜ ಹೇಳಿದ್ದಾನೆ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದ. ಅಕ್ಷರ ನೆಟ್ಟಗೆ ಬರಲೆಂದು ಪ್ರಯತ್ನಿಸಲಿಲ್ಲ. ಸಹಿ ಹಾಕಿದ. ಮೂರೂ ಐವತ್ತೇಳು.

ಇನ್‌ಸ್ಪೆಕ್ಟರ್ ಬಂಧನದ ಕಾಗದವನ್ನು ನಾಲ್ಕಾಗಿ ಹರಿದಳು. "ಹೋಗಪ್ಪ. ಹೆಂಡತಿಗೆ ಹೇಳು, ನಿನ್ನ ಕಿವಿ ಸರಿಯಾಗಿದೆ ಅಂತ."

ಆಪರೇಟರ್ ಹೋಗಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಆರು ದಿನದ ಮೇಲೆ ಮೊದಲ ಸಲ ಒಳಗೆ ಬಂದು, ಡ್ರಮ್ಮಿನ ಮಟ್ಟ ನೋಡಿದ. ಆಮೇಲೆ ಪರೀಕ್ಷಕನ ಎದುರು ನಿಂತು ಎರಡೂ ಕೈ ಜೋಡಿಸಿದ. "ನಿಮ್ಮಂಥವರು ಒಬ್ಬರಿದ್ರಲ್ಲ ಸಾರ್," ಎಂದ.

ಪರೀಕ್ಷಕ ಕೈ ಜೋಡಿಸಲಾರದೆ ತಲೆಯಾಡಿಸಿದ. ಜೇಬಿನಲ್ಲಿ ಆ ಗುಂಡಿ ತೊಡೆಗೆ ಒತ್ತುತ್ತಿತ್ತು.

ಫೋನು ಬಡಿಯಿತು. ಇನ್‌ಸ್ಪೆಕ್ಟರ್ ಎತ್ತಲಿಲ್ಲ. ವರದಿಯನ್ನು ಪುಸ್ತಕದೊಳಗೆ ಇಡಲು ಹೋದವಳು ಹಾಗೇ ನಿಂತಿದ್ದಳು. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಹನ್ನೊಂದು ವರ್ಷದ ಹಿಂದಿನ ಪುಟ. ಅವಳ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಯಿತು. ಮರಳಿ ಬಂತು. ಫೋನು ಬಡಿಯುತ್ತಲೇ ಇತ್ತು.

"ರೀ, ಮೌನಿಗಳೇ," ಎಂದಳು. ದನಿಯಲ್ಲಿ ನಗೆ ಇರಲಿಲ್ಲ. "ನೀವು ನನಗೆ ಏನಾದರೂ ಹೇಳೋದು ಇದೆಯಾ?"

ಅವಳು ಕಾದಳು.

ಅಲಾರಂ ಬರೆದದ್ದು ತಾನು ಎಂದು ಅವನು ಹೇಳಲಿಲ್ಲ.